ಇಳಿದು ಬರುವವರನ್ನು ಕೇಳಿರಿ

ಫಾಲ್ಗುಣ ಕಳೆದು ಚೈತ್ರ ಕಾಲಿಡುವ ಹೊತ್ತಿಗೆ ನಮ್ಮ ಸೀಮೆಯ ಮನೆಗಳಲ್ಲಿ ಎರಡು ಬಗೆಯ ಸಿದ್ಧತೆಗಳು ಒಟ್ಟಿಗೇ ನಡೆಯುತ್ತವೆ. ಒಂದು ಯುಗಾದಿಯ ಬೇವು-ಬೆಲ್ಲದ ಸಿದ್ಧತೆ, ಇನ್ನೊಂದು ಬೆಟ್ಟದ ದಾರಿ ಹಿಡಿಯುವ ಸಿದ್ಧತೆ. ಹೋಳಿಹುಣ್ಣಿಮೆ ಮುಗಿಯುತ್ತಲೇ ಶ್ರೀಶೈಲದ ಮಲ್ಲಯ್ಯನ ಕಂಬಿಯ ಹಿಂದೆ ಹೊರಡುವವರು ಕೆಲವರು. ಚೈತ್ರದ ದವನದ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ನಡೆದು ಹೋಗುವವರು ಹಲವರು. ರಜೆಗೆ ಬಂದ ಮೊಮ್ಮಕ್ಕಳನ್ನು ಕರೆದುಕೊಂಡು ನವಿಲುತೀರ್ಥದ ಗುಡ್ಡ ಏರಿ ಬರೋಣವೆನ್ನುವ ಅಜ್ಜಂದಿರೂ ಉಂಟು. ಬುತ್ತಿ ಏನು ಕಟ್ಟಬೇಕು, ಯಾವ ವಾರ ಹೊರಡಬೇಕು, ಯಾರು ಯಾರು ಬರುತ್ತಾರೆ ಎಂಬ ಮಾತುಗಳು ಪಡಸಾಲೆಯಲ್ಲಿ ದಿನಗಟ್ಟಲೆ ನಡೆಯುತ್ತವೆ. ಆದರೆ ದಾರಿ ಈಗ ಹೇಗಿದೆ ಎಂಬ ಪ್ರಶ್ನೆಯನ್ನು ಕೇಳುವವರು ಬಲು ವಿರಳ. ಆ ಪ್ರಶ್ನೆಯ ಬಗೆಗೇ ವಾಚಕ ಬಂಧುಗಳೊಡನೆ ನಾಲ್ಕು ಮಾತು ಹಂಚಿಕೊಳ್ಳಬೇಕೆಂದು ಈ ಲೇಖನ.

ನಾನು ಮಠದ ಅನ್ನವುಂಡು, ಮಠದ ಪಾಠಶಾಲೆಯಲ್ಲಿ ಅಕ್ಷರ ಕಲಿತವನು. ನಮ್ಮ ಪೂಜ್ಯರು ಪ್ರತಿವರ್ಷ ಚೈತ್ರದಲ್ಲಿ ವಿದ್ಯಾರ್ಥಿಗಳನ್ನು ಒಂದು ದಿನದ ಬೆಟ್ಟದ ನಡಿಗೆಗೆ ಕರೆದೊಯ್ಯುತ್ತಿದ್ದರು. ಹೊರಡುವ ಮುನ್ನಾದಿನ ಇಬ್ಬರು ಹುಡುಗರನ್ನು ಕರೆದು, "ದಾರಿ ನೋಡಿ ಬರ್ರಿ" ಎಂದು ಅಪ್ಪಣೆ ಕೊಡಿಸುತ್ತಿದ್ದರು. ಹೋಗಿ ಬಂದವರು ಐದು ಸಂಗತಿಗಳನ್ನು ಒಪ್ಪಿಸಬೇಕಾಗಿತ್ತು: ನೀರು ಎಲ್ಲಿದೆ, ನೆರಳು ಎಲ್ಲಿದೆ, ಕಲ್ಲು ಎಲ್ಲಿ ಸಡಿಲಾಗಿದೆ, ಜೇನು ಎಲ್ಲಿ ಕಟ್ಟಿದೆ, ಸುಸ್ತಾದವರನ್ನು ಎಲ್ಲಿಂದ ಹಿಂದಕ್ಕೆ ಕಳಿಸಬಹುದು. ನಡಿಗೆಯ ದಿನವೂ ಎದುರಿಗೆ ಯಾರಾದರೂ ಇಳಿದು ಬರುತ್ತಿದ್ದರೆ ಪೂಜ್ಯರು ನಿಂತು ಮಾತನಾಡಿಸುತ್ತಿದ್ದರು. ಅವರು ದನ ಕಾಯುವ ಹುಡುಗನಾಗಿರಲಿ, ಸೌದೆ ಹೊತ್ತ ಮುದುಕಿಯಾಗಿರಲಿ, ಕೇಳುತ್ತಿದ್ದ ಮಾತು ಒಂದೇ: "ಯವ್ವಾ, ಮ್ಯಾಲ ಹಾದಿ ಹ್ಯಾಂಗೈತಿ?" ಶಾಸ್ತ್ರ ಬಲ್ಲ ಪೂಜ್ಯರು ಸೌದೆ ಹೊತ್ತವಳ ಉತ್ತರಕ್ಕಾಗಿ ಕೈಕಟ್ಟಿ ನಿಲ್ಲುವುದು ನಮಗೆ ಆಗ ವಿಚಿತ್ರವಾಗಿ ತೋರುತ್ತಿತ್ತು. ಆ ದಾರಿಯನ್ನು ಅದೇ ದಿನ, ಅದೇ ಬಿಸಿಲಿನಲ್ಲಿ ನಡೆದು ಬಂದವಳು ಅವಳೇ ಎಂಬುದು ಕಾಲಕ್ರಮದಲ್ಲಿ ತಿಳಿಯಿತು.

ನಮ್ಮ ಮುನವಳ್ಳಿ ಮಲಪ್ರಭೆಯ ದಂಡೆಯ ಊರು. ಕಣಕುಂಬಿಯಲ್ಲಿ ಹುಟ್ಟಿ ಬಯಲಿನಲ್ಲಿ ಹರಿದು ಬರುವ ಈ ನದಿ ನವಿಲುತೀರ್ಥದಲ್ಲಿ ಗುಡ್ಡದ ಸಾಲನ್ನು ಸೀಳಿಕೊಂಡು ನಮ್ಮ ಕಡೆಗೆ ಬರುತ್ತದೆ. ಆ ಕಿರಿದಾದ ಕಣಿವೆಗೇ ಅಣೆಕಟ್ಟು ಕಟ್ಟಿ, 1970ರ ದಶಕದ ಮೊದಲಲ್ಲಿ ನೀರು ನಿಲ್ಲಿಸಿದರು. ಅದೇ ಇಂದಿನ ರೇಣುಕಾಸಾಗರ. ಆ ಗುಡ್ಡದ ಸಾಲು ದಕ್ಷಿಣಕ್ಕೆ ಸವದತ್ತಿಯ ಕಡೆ ಸಾಗುತ್ತದೆ. ಅಲ್ಲಿಯೇ ಪರಸಗಡದ ಹಾಳುಗೋಟೆಯಿದೆ. ಮುಂಬಯಿ ಆಳ್ವಿಕೆಯ ಕಾಲದಲ್ಲಿ ಈ ತಾಲೂಕಿಗೆ ಪರಸಗಡ ತಾಲೂಕೆಂದೇ ಹೆಸರಿತ್ತು. ಅದರಾಚೆಗೆ ಎಲ್ಲಮ್ಮನ ಗುಡ್ಡ. ಬೆಳಗಿನ ಜಾವ ಮುನವಳ್ಳಿ ಬಿಟ್ಟು, ನವಿಲುತೀರ್ಥ ನೋಡಿಕೊಂಡು, ಸವದತ್ತಿ ಹಾಯ್ದು ಗುಡ್ಡ ಸೇರುವುದು ಗಟ್ಟಿ ಕಾಲುಳ್ಳವರಿಗೆ ಒಂದು ದಿನದ ನಡಿಗೆ.

ಈ ಗುಡ್ಡಗಳ ಕಲ್ಲಿನ ಗುಣವನ್ನು ಮೊದಲು ಅರಿಯಬೇಕು. ಭೂಗರ್ಭಶಾಸ್ತ್ರಜ್ಞರು ಇದನ್ನು ಕಲಾದಗಿ ಶಿಲಾಶ್ರೇಣಿಯೆಂದು ಕರೆಯುತ್ತಾರೆ. ನೂರು ಕೋಟಿ ವರ್ಷಗಳಿಗೂ ಹಿಂದೆ ನೀರಿನ ತಳದಲ್ಲಿ ಕೂತ ಮರಳು ಗಟ್ಟಿಯಾಗಿ ಈ ಕಲ್ಲಾಯಿತು. ಕೆಲವು ಹಾಸುಗಲ್ಲುಗಳ ಮೇಲೆ ಆ ನೀರಿನ ಅಲೆಯ ಗುರುತುಗಳು ಈಗಲೂ ಕಾಣುತ್ತವೆ. ಮಕ್ಕಳಿಗೆ ತೋರಿಸಿದರೆ ಅವು ಕಣ್ಣರಳಿಸುತ್ತವೆ. ಆದರೆ ಕಾಲಿಗೆ ಈ ಕಲ್ಲು ಅಷ್ಟು ಸ್ನೇಹದ್ದಲ್ಲ. ಅದು ಪದರುಪದರಾಗಿ ಒಡೆಯುತ್ತದೆ, ಒಡೆದ ಅಂಚು ಹರಿತವಾಗಿರುತ್ತದೆ. ಸವೆದು ಉದುರಿದ ಮರಳು ಹಾಸುಗಲ್ಲಿನ ಮೇಲೆ ತೆಳ್ಳಗೆ ಹರಡಿಕೊಂಡಿರುತ್ತದೆ. ಏರುವಾಗ ಇದು ಗೊತ್ತಾಗುವುದಿಲ್ಲ. ಇಳಿಯುವಾಗ ಆ ಮರಳಿನ ಮೇಲೆ ಹಿಮ್ಮಡಿ ಇಟ್ಟವರು ಜಾರಿ ಕೂರುತ್ತಾರೆ. ಇಂಥಲ್ಲಿ ಇಡೀ ಅಂಗಾಲನ್ನು ಊರಿ, ಮೊಣಕಾಲನ್ನು ಸ್ವಲ್ಪ ಬಾಗಿಸಿ, ಅಡ್ಡಡ್ಡಲಾಗಿ ಹೆಜ್ಜೆ ಹಾಕಬೇಕು. ನಮ್ಮ ಕುರುಬರು ಕುರಿಯ ಹಿಂದೆ ಇಳಿಯುವ ರೀತಿ ನೋಡಿದರೆ ಸಾಕು, ಬೇರೆ ಪಾಠ ಬೇಕಿಲ್ಲ.

ಇನ್ನು ದಾರಿಯ ವಿಚಾರ. ಮುನವಳ್ಳಿಯಿಂದ ಮೊದಲ ತಾಸು ಎರೆಯ ಹೊಲಗಳ ನಡುವೆ ಸಾಗುತ್ತದೆ. ಚೈತ್ರಕ್ಕೆ ಜೋಳ, ಕಡಲೆ ಎಲ್ಲ ಕಿತ್ತು ಮುಗಿದಿರುತ್ತದೆ. ಉಳಿದ ಜೋಳದ ಕೂಳೆ ಬರಿಗಾಲಿಗೆ ಚುಚ್ಚುತ್ತದೆ. ಎರೆ ನೆಲ ಒಣಗಿ ಬಿರುಕು ಬಿಟ್ಟಿರುವುದರಿಂದ ಮಬ್ಬುಗತ್ತಲಲ್ಲಿ ಕಾಲು ಸಿಕ್ಕಿಕೊಂಡು ಹರಡು ಉಳುಕುವುದುಂಟು. ರೈತರು ಬೇಲಿಗೆಂದು ಎಳೆದೊಯ್ದ ಜಾಲಿಯ ಮುಳ್ಳು ದಾರಿಯುದ್ದಕ್ಕೂ ಉದುರಿರುತ್ತದೆ. ಆದುದರಿಂದ ಕತ್ತಲಿರುವಷ್ಟು ಹೊತ್ತು ಗಾಡಿದಾರಿಯನ್ನು ಬಿಡಬಾರದು. ಮುಳ್ಳು ಕೀಳುವ ಚಿಮಟವೊಂದು ಗುಂಪಿನಲ್ಲಿ ಒಬ್ಬರ ಬಳಿಯಾದರೂ ಇರಬೇಕು. ಇಷ್ಟಲಿಂಗ ಪೂಜೆಯನ್ನು ಮನೆಯಲ್ಲಿಯೇ ಪೂರೈಸಿ, ನಾಲ್ಕೂವರೆಗೆ ಹೊಸ್ತಿಲು ದಾಟಿದರೆ, ನೆಲ ಸ್ಪಷ್ಟವಾಗಿ ಕಾಣುವ ಹೊತ್ತಿಗೆ ಗುಡ್ಡದ ಬುಡ ಸಮೀಪಿಸಿರುತ್ತದೆ.

ನವಿಲುತೀರ್ಥದ ಹತ್ತಿರ ಬಂದಾಗ ಎಲ್ಲರಿಗೂ ನದಿಗಿಳಿದು ಕೈಕಾಲು ತೊಳೆಯುವ ಮನಸ್ಸಾಗುವುದು ಸಹಜ. ಅಣೆಕಟ್ಟಿನ ಕೆಳಗಿನ ಪಾತ್ರದಲ್ಲಿ ನೀರು ಕಡಿಮೆಯಿದ್ದರೂ ಅದನ್ನು ನಂಬಬಾರದು. ಮೇಲಿಂದ ನೀರು ಬಿಟ್ಟರೆ ಬಂಡೆಗಳ ನಡುವೆ ನಿಂತವರಿಗೆ ದಂಡೆ ಸೇರಲು ಸಮಯ ಸಿಗಲಾರದು. ಮಕ್ಕಳನ್ನಂತೂ ಇಳಿಸಲೇಬಾರದು.

ಅಲ್ಲಿಂದ ಸವದತ್ತಿಯ ಕಡೆಗೆ ತಿರುಗಿದರೆ ಬಿಸಿಲು ಎಡಗೆನ್ನೆಗೆ ಬೀಳತೊಡಗುತ್ತದೆ. ಗುಡ್ಡದ ಇಳಿಜಾರಿನಲ್ಲಿ ಕಾರೆ, ಕಳ್ಳಿ, ಜಾಲಿಗಳಲ್ಲದೆ ದೊಡ್ಡ ಮರವೆಂಬುದು ಅಪರೂಪ. ಹೊಂಗೆಯ ಹೊಸ ಎಲೆ ಹಸಿರಾಗಿ ಹೊಳೆಯುತ್ತಿರುತ್ತದೆ, ಬೇವು ಹೂಬಿಟ್ಟು ಗಾಳಿಗೆ ಕಂಪು ಸೂಸುತ್ತಿರುತ್ತದೆ. ಆದರೆ ಈ ಎರಡೂ ಮರಗಳು ಊರ ಹತ್ತಿರವೇ ಹೆಚ್ಚು, ಗುಡ್ಡದ ನೆತ್ತಿಯಲ್ಲಿ ಕಡಿಮೆ. ವಸಂತವೆಂದೊಡನೆ ಕಾವ್ಯದಲ್ಲಿ ತಂಗಾಳಿ, ಕೋಗಿಲೆ, ಮಾವಿನ ಚಿಗುರು ಎಂದು ಓದಿದ ನಮಗೆ ನಮ್ಮ ಗುಡ್ಡದ ವಸಂತ ಬೇರೆ ಪಾಠ ಹೇಳುತ್ತದೆ. ಎಂಟು ಗಂಟೆಗೆ ಹಿತವಾಗಿದ್ದ ಹಾಸುಗಲ್ಲು ಹನ್ನೊಂದಕ್ಕೆ ಕಾವಲಿಯಾಗಿರುತ್ತದೆ. ಅದೇ ದಾರಿ, ಅದೇ ಕಲ್ಲು. ನಡೆಯುವವನಿಗೆ ಮಾತ್ರ ಅದು ಬೇರೆಯೇ ದಾರಿ. ಬೆಳಿಗ್ಗೆ ಒಂದು ತಾಸಿನಲ್ಲಿ ಮುಗಿಯುವ ಏರು ಮಧ್ಯಾಹ್ನ ಎರಡು ತಾಸು ಬೇಡುತ್ತದೆ. ನೀರನ್ನೂ ಇಮ್ಮಡಿ ಬೇಡುತ್ತದೆ. ಆದುದರಿಂದ ಹೋದ ವರ್ಷ ನೋಡಿದ ದಾರಿ, ಹೋದ ವಾರ ಕೇಳಿದ ದಾರಿ ಎಂಬುದನ್ನು ಪೂರ್ತಿ ನೆಚ್ಚುವಂತಿಲ್ಲ. ಈ ಹೊತ್ತಿನ ದಾರಿಯನ್ನು ಬಲ್ಲವರು ಈಗ ಇಳಿದು ಬರುತ್ತಿರುವವರು ಮಾತ್ರ.

ಚೈತ್ರದ ಸಂಜೆಗಳಲ್ಲಿ ಅಡ್ಡಮಳೆಯ ಭಯ ಇನ್ನೊಂದು. ಮಧ್ಯಾಹ್ನ ಮೂರರ ನಂತರ ಪಶ್ಚಿಮದಲ್ಲಿ ಮೋಡ ಗೋಪುರದಂತೆ ಏಳುತ್ತಿದ್ದರೆ ನೆತ್ತಿಯ ಮೇಲೆ ನಿಲ್ಲಬಾರದು, ಒಂಟಿ ಮರದ ಕೆಳಗೂ ನಿಲ್ಲಬಾರದು. ಸಿಡಿಲು ಎತ್ತರವನ್ನು ಹುಡುಕಿಕೊಂಡು ಬರುತ್ತದೆ. ಮೊದಲ ನಾಲ್ಕು ಹನಿ ಬಿದ್ದ ಹಾಸುಗಲ್ಲು ಜೋರು ಮಳೆಯಲ್ಲಿ ತೊಯ್ದ ಕಲ್ಲಿಗಿಂತ ಹೆಚ್ಚು ಜಾರುತ್ತದೆ, ಏಕೆಂದರೆ ಅದರ ಮೇಲಿನ ಧೂಳು ಆಗ ಕೆಸರಾಗಿರುತ್ತದೆ, ತೊಳೆದು ಹೋಗಿರುವುದಿಲ್ಲ. ಇಳಿದು ಎರೆ ಹೊಲ ಮುಟ್ಟಿದರೆ ಮಣ್ಣು ಸೇರುಗಟ್ಟಲೆ ಕಾಲಿಗೆ ಹತ್ತುತ್ತದೆ. ಆಗ ಸುತ್ತಾದರೂ ಗರಸಿನ ರಸ್ತೆ ಹಿಡಿಯುವುದೇ ಲೇಸು.

ಜೇನಿನ ವಿಷಯವನ್ನು ಮರೆಯುವಂತಿಲ್ಲ. ಹೂವಿನ ಕಾಲದಲ್ಲಿ ಹೆಜ್ಜೇನು ಕಡಿದಾದ ಬಂಡೆಗಳಿಗೂ ದೊಡ್ಡ ಮರಗಳಿಗೂ ಕಟ್ಟಿರುತ್ತದೆ. ಅದರ ಕೆಳಗೆ ಒಲೆ ಹೂಡುವುದು, ಊದಿನಕಡ್ಡಿ ಹೊಗೆಯಾಡಿಸುವುದು, ಕಲ್ಲೆಸೆಯುವುದು ಅಪಾಯಕ್ಕೆ ಕರೆ ಕೊಟ್ಟಂತೆ. ಎದ್ದು ಬಂದರೆ ಬಟ್ಟೆಯಿಂದ ಮುಖ ಮುಚ್ಚಿಕೊಂಡು ದೂರ ಓಡಬೇಕೇ ವಿನಾ ಕೈ ಬೀಸುತ್ತ ನಿಲ್ಲಬಾರದು. ಕಲ್ಲಿನ ಸಂದಿಯಲ್ಲಿ ನೋಡದೆ ಕೈಯಿಡಬಾರದೆಂಬುದನ್ನು ಹಾವಿನ ದೆಸೆಯಿಂದ ಹೇಳಬೇಕು.

ಈ ನಮ್ಮ ಗುಡ್ಡಗಳ ಒಂದು ದಿನದ ನಡಿಗೆಯನ್ನು ಹಿರಿಯರು ಶ್ರೀಶೈಲ ಯಾತ್ರೆಯ ಪೂರ್ವಾಭ್ಯಾಸವೆಂದೇ ಭಾವಿಸಿದ್ದರು. ಬೆಳಗಾವಿ, ವಿಜಯಪುರ, ಬಾಗಲಕೋಟೆ ಜಿಲ್ಲೆಗಳಿಂದ ಯುಗಾದಿಯ ಉತ್ಸವಕ್ಕೆ ಕಾಲ್ನಡಿಗೆಯಲ್ಲಿ ಹೋಗುವ ಭಕ್ತರು ಕೃಷ್ಣಾ-ತುಂಗಭದ್ರಾ ಸೀಮೆಯ ಬಯಲನ್ನು ದಾಟಿ, ಆತ್ಮಕೂರು ಮುಟ್ಟಿ, ವೆಂಕಟಾಪುರದಿಂದ ನಲ್ಲಮಲೆಯ ಕಾಡನ್ನು ಹೊಗುತ್ತಾರೆ. ನಾಗಲೂಟಿಯ ವೀರಭದ್ರ, ಪೆದ್ದಚೆರುವು, ಭೀಮನಕೊಳ್ಳ, ಕೈಲಾಸ ಬಾಗಿಲು ಎಂಬ ನೆಲೆಗಳು ಆ ಕಾಡುದಾರಿಯಲ್ಲಿ ಒಂದರ ಹಿಂದೆ ಒಂದು ಬರುತ್ತವೆ. ಯಾತ್ರಿಕರ ಅನುಕೂಲಕ್ಕಾಗಿ ಶ್ರೀಶೈಲಕ್ಕೆ ಮೆಟ್ಟಿಲು ಕಟ್ಟಿಸಿದ ಕೀರ್ತಿ 14ನೆಯ ಶತಮಾನದ ರೆಡ್ಡಿ ಅರಸು ಪ್ರೋಲಯ ವೇಮನಿಗೆ ಸಲ್ಲುತ್ತದೆ. ದಾರಿ ಮಾಡಿಸುವುದು ಗುಡಿ ಕಟ್ಟಿಸುವಷ್ಟೇ ದೊಡ್ಡ ಧರ್ಮವೆಂದು ಅಂದಿನವರು ತಿಳಿದಿದ್ದರು.

ಆ ಇಡೀ ಯಾತ್ರೆಯಲ್ಲಿ ನಡೆಯುವವರನ್ನು ನಿಜವಾಗಿ ಪರೀಕ್ಷಿಸುವುದು ಭೀಮನಕೊಳ್ಳದಿಂದ ಕೈಲಾಸ ಬಾಗಿಲವರೆಗಿನ ಏರು. ಕೊಳ್ಳ ಆಳವಾದದ್ದು, ಇಳಿದಷ್ಟೂ ಮತ್ತೆ ಏರಬೇಕು. ಮೆಟ್ಟಿಲುಗಳು ಸಮವಾಗಿಲ್ಲ, ಒಂದು ಗೇಣೆತ್ತರ, ಮುಂದಿನದು ಮೊಣಕಾಲೆತ್ತರ. ವಸಂತದಲ್ಲಿ ಆ ಕಾಡು ಎಲೆಯುದುರಿಸಿ ನಿಂತಿರುತ್ತದೆ. ಮರವಿದ್ದರೂ ನೆರಳಿಲ್ಲ, ಉದುರಿದ ಎಲೆ ಮೆಟ್ಟಿಲ ಸಂದನ್ನು ಮುಚ್ಚಿರುತ್ತದೆ. ಕೋಲಿನಿಂದ ತಡವಿ ನೋಡದೆ ಕಾಲಿಟ್ಟರೆ ಪಾದ ಹೊರಳುತ್ತದೆ. ಇಪ್ಪೆಯ ಹೂ ಉದುರುವ ಕಾಲವಾದುದರಿಂದ ಕರಡಿಗಳು ಬೆಳಗಿನ ಜಾವದಲ್ಲಿ ಆ ಮರಗಳ ಕೆಳಗಿರುತ್ತವೆ. ಅದು ಹುಲಿಯ ರಕ್ಷಿತಾರಣ್ಯವೂ ಹೌದು. ಅರಣ್ಯ ಇಲಾಖೆಯವರು ಗೊತ್ತುಪಡಿಸಿದ ದಿನ, ಗೊತ್ತುಪಡಿಸಿದ ದಾರಿ, ಗುಂಪಿನ ನಡಿಗೆ ಇವುಗಳನ್ನು ಮೀರಬಾರದು.

ಸುಮಾರು ಮೂವತ್ತು ವರ್ಷಗಳ ಹಿಂದಿನ ಮಾತು. ನಮ್ಮ ಗುಂಪು ಭೀಮನಕೊಳ್ಳ ಮುಟ್ಟಿದಾಗ ಹತ್ತೂವರೆಯಾಗಿತ್ತು. ಗುಂಪಿನಲ್ಲಿ ಎಪ್ಪತ್ತರ ಸಮೀಪದ ಹಿರಿಯರೊಬ್ಬರಿದ್ದರು. ಕೈಲಾಸ ಬಾಗಿಲು ಮುಟ್ಟುವವರೆಗೆ ಅಂದು ನೀರು ಕುಡಿಯುವುದಿಲ್ಲವೆಂದು ಹರಕೆ ಹೊತ್ತಿದ್ದರು. ಏರು ಹಿಡಿಯುವ ಮುನ್ನ, ಮೇಲಿನಿಂದ ಬರಿಗೊಡ ಹೊತ್ತು ಇಳಿದು ಬರುತ್ತಿದ್ದ ಚೆಂಚು ಹೆಣ್ಣುಮಗಳೊಬ್ಬಳನ್ನು ಕಂಡು ನಾವು ದಾರಿಯ ಸುದ್ದಿ ಕೇಳಿದೆವು. ಅವಳು ತನ್ನ ತೆಲುಗಿನಲ್ಲಿ ಹೇಳಿದ್ದರ ತಾತ್ಪರ್ಯ ಇಷ್ಟು: ಮೇಲಿಟ್ಟಿದ್ದ ನೀರು ಮುಗಿದಿದೆ, ತುಂಬಿಸಿದವರು ಯಾರೂ ಇಲ್ಲ, ಗಾಳಿ ಬಿದ್ದಿದೆ, ಕೊಳ್ಳದಲ್ಲಿಯೇ ಕುಳಿತುಕೊಳ್ಳಿ.

ಹಿರಿಯರು ಒಪ್ಪಲಿಲ್ಲ. "ಮಲ್ಲಯ್ಯ ಕಾಯ್ತಾನ, ನಡೀರಿ" ಎಂದು ಕೋಲೂರಿ ನಿಂತರು. ಕಂಬಿ ಹೊತ್ತಿದ್ದ ಅಯ್ಯನವರು ಕಂಬಿಯನ್ನು ಮರಕ್ಕೆ ಆನಿಸಿ ಶಾಂತವಾಗಿ ನುಡಿದರು: "ಹೌದ್ರಿ ಯಜ್ಜಾ, ಮಲ್ಲಯ್ಯನ ಕಾಯ್ತಾನ. ಆ ಹೆಣ್ಣುಮಗಳ ಬಾಯಿಲೆ ಹೇಳಿ ಕಳಿಸ್ಯಾನ. ಕೂಡ್ರಿ." ಬಳಿಕ ತಾವೇ ಬೊಗಸೆಯಲ್ಲಿ ನೀರು ಹಿಡಿದು, "ಇದು ನಿಮಗಲ್ಲ, ನಿಮ್ಮ ಕೊರಳಾಗಿನ ಲಿಂಗ ಹೊತ್ತ ದೇಹಕ್ಕ" ಎಂದು ಕುಡಿಸಿದರು. ಹಿರಿಯರು ಕೋಪದಿಂದಲೇ ಕುಡಿದರು, ಸಂಜೆಯವರೆಗೆ ಯಾರೊಡನೆಯೂ ಮಾತನಾಡಲಿಲ್ಲ. ನಾವು ನಾಲ್ಕೂವರೆಗೆ ಏರು ಹಿಡಿದು, ಕತ್ತಲಾಗುವ ಹೊತ್ತಿಗೆ ಕೈಲಾಸ ಬಾಗಿಲು ಮುಟ್ಟಿದೆವು.

ಅಷ್ಟರಲ್ಲಿ ಬೇರೊಂದು ಸೀಮೆಯ ಗುಂಪು ನಮ್ಮನ್ನು ದಾಟಿ ಮಧ್ಯಾಹ್ನವೇ ಏರಿ ಹೋಗಿತ್ತು. ಅವರೂ ಅದೇ ಹೆಣ್ಣುಮಗಳ ಪಕ್ಕದಲ್ಲಿಯೇ ಹಾಯ್ದವರು, ಕೇಳಲು ನಿಲ್ಲಲಿಲ್ಲ. ಅವರಲ್ಲಿ ಐವತ್ತರ ಆಸುಪಾಸಿನ ಗೃಹಸ್ಥರೊಬ್ಬರು ಕೈಲಾಸ ಬಾಗಿಲನ್ನು ಕಾಣಲಿಲ್ಲ. ಮೆಟ್ಟಿಲುಗಳ ಬದಿಗೆ ಪಂಚೆ ಹೊದಿಸಿ ಮಲಗಿಸಿದ್ದರು. ಬಳಿಯಲ್ಲಿ ಕುಳಿತ ಮಗನಿಗೆ ಇಪ್ಪತ್ತು ವರ್ಷವಿದ್ದೀತು. "ಅಪ್ಪಗ ಬೆವರು ನಿಂತಿತ್ತು, ಏನೇನೋ ಮಾತಾಡ್ತಿದ್ದ, ಭಕ್ತಿ ಬಂದೈತಿ ಅಂತ ತಿಳಕೊಂಡ್ವಿ" ಎಂದು ಆ ಹುಡುಗ ಹೇಳಿದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ. ನಮ್ಮ ಹಿರಿಯರು ಆ ಹುಡುಗನ ತಲೆಯ ಮೇಲೆ ಕೈಯಿಟ್ಟು ಬಹಳ ಹೊತ್ತು ನಿಂತರು.

ಇದನ್ನು ಬರೆದದ್ದು ಯಾತ್ರೆಗೆ ಹೆದರಿಸಲೆಂದಲ್ಲ. ಆ ಮಗನಿಗೆ ಯಾರೂ ಮುಂಚೆ ಹೇಳದಿದ್ದ ಸಂಗತಿ ನಮ್ಮ ಮನೆಮನೆಗೂ ತಿಳಿದಿರಲೆಂದು. ಬಿಸಿಲಿನಲ್ಲಿ ನಡೆಯುವವನಿಗೆ ತಲೆ ಸಿಡಿಯುವುದು, ವಾಕರಿಕೆ, ಕಾಲು ಸೆಳೆತ ಬಂದರೆ ಅದು ಮೊದಲ ಎಚ್ಚರಿಕೆ. ಆಗಲೇ ನೆರಳಿಗೆ ಕೂಡ್ರಿಸಿ, ಬಟ್ಟೆ ಸಡಿಲಿಸಿ, ನೀರು ಕುಡಿಸಬೇಕು. ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿದ ನೀರು ಬರಿನೀರಿಗಿಂತ ಮೇಲು. ಮಾತು ತೊದಲಿದರೆ, ಅಸಂಬದ್ಧವಾಗಿ ಮಾತನಾಡಿದರೆ, ಮೈ ಕಾದ ಹಂಚಿನಂತಾದರೆ ಅದು ಬಿಸಿಲಿನ ಆಘಾತ. ಮೈಯ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ. ಆಗ ಮೈಮೇಲೆ ನೀರು ಸುರಿದು, ಗಾಳಿ ಬೀಸುತ್ತ, ತಡಮಾಡದೆ 108ಕ್ಕೆ ಫೋನು ಮಾಡಿ ಆಸ್ಪತ್ರೆಗೆ ಸಾಗಿಸಬೇಕು. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬಾರದು.

ಮಧುಮೇಹವುಳ್ಳವರಿಗೆ ಇನ್ನೊಂದು ಮಾತು. ಬಹುಕಾಲ ಸಕ್ಕರೆ ಕಾಯಿಲೆಯಿದ್ದವರ ಪಾದಗಳಲ್ಲಿ ಸ್ಪರ್ಶಜ್ಞಾನ ಕುಗ್ಗಿರುತ್ತದೆ. ಕಾದ ಕಲ್ಲಿನ ಮೇಲೆ ಬರಿಗಾಲಿನಲ್ಲಿ ನಡೆದರೆ ಬೊಬ್ಬೆಯೆದ್ದದ್ದೂ ಗೊತ್ತಾಗದು. ಹುಣ್ಣಾಗಿ ಕಾಲನ್ನೇ ಕಳೆದುಕೊಳ್ಳುವ ಪ್ರಸಂಗ ಬರುತ್ತದೆ. ಅಂಥವರು ಪಾದರಕ್ಷೆ ಧರಿಸಿ ನಡೆದರೆ ಭಕ್ತಿಗೆ ಕೊರತೆಯಿಲ್ಲ. ಗರ್ಭಗುಡಿಯ ಮುಂದೆ ಕಳಚಿದರೆ ಸಾಕು. ರಕ್ತದೊತ್ತಡಕ್ಕೆ ಮಾತ್ರೆ ನುಂಗುವವರು ಹೊರಡುವ ಮುನ್ನ ವೈದ್ಯರನ್ನು ಕಾಣಬೇಕು. ಏರಿನಲ್ಲಿ ತಾಸಿಗೆ ಅರ್ಧದಿಂದ ಮುಕ್ಕಾಲು ಲೀಟರ್ ನೀರು ಬೇಕೆಂದು ಲೆಕ್ಕ ಹಾಕಿ ಹೊತ್ತುಕೊಳ್ಳಬೇಕು. ಬುತ್ತಿಗೆ ಕಟಕರೊಟ್ಟಿ, ಶೇಂಗಾ ಹಿಂಡಿ, ಬೆಲ್ಲ, ಉಳ್ಳಾಗಡ್ಡಿ ಸಾಕು. ಇವು ಬಿಸಿಲಿಗೆ ಕೆಡುವುದಿಲ್ಲ.

ಕಡೆಯದಾಗಿ, ದಾರಿಯನ್ನು ಕಾಯುವವರು ಯಾರು ಎಂಬ ಪ್ರಶ್ನೆ. ಹಿಂದೆ ನಮ್ಮ ಹಳ್ಳಿಗಳಲ್ಲಿ ಬೇಸಗೆ ಬಂದೊಡನೆ ದಾರಿಯ ಪಕ್ಕದಲ್ಲಿ ಅರವಟ್ಟಿಗೆ ಇಡುವ ಪದ್ಧತಿಯಿತ್ತು. ಚಪ್ಪರದ ನೆರಳಲ್ಲಿ ಎರಡು ಹರವಿ, ಒಂದು ತಂಬಿಗೆ, ನೀರೆರೆಯಲು ಒಬ್ಬ ಮುದುಕಿ. ಆ ಮುದುಕಿ ನೀರಷ್ಟೇ ಅಲ್ಲ, ಮುಂದಿನ ದಾರಿಯ ಸುದ್ದಿಯನ್ನೂ ಎರೆಯುತ್ತಿದ್ದಳು. ಇಂದು ಗುಡ್ಡದ ತುದಿಯವರೆಗೆ ವಾಹನ ಹೋಗುತ್ತದೆ, ಕಾಲುದಾರಿ ಅನಾಥವಾಗಿದೆ. ನಡೆದು ಹೋಗುವವರ ಕೈಯಲ್ಲಿ ಪ್ಲಾಸ್ಟಿಕ್ ಬಾಟಲಿಯಿದೆ, ಬರಿದಾದ ಬಾಟಲಿ ಕೊಳ್ಳದಲ್ಲಿದೆ. ಶ್ರೀಶೈಲದ ದಾರಿಯ ಹಳ್ಳಿಗಳಲ್ಲಿ ಮಾತ್ರ ಆ ಧರ್ಮ ಇಂದಿಗೂ ಜೀವಂತವಾಗಿದೆ. ಗುರುತಿಲ್ಲದ ಯಾತ್ರಿಕನಿಗೆ ರೊಟ್ಟಿ ನೀಡಿ, ಮಜ್ಜಿಗೆ ಕುಡಿಸಿ, ಬೊಬ್ಬೆಯೆದ್ದ ಪಾದಕ್ಕೆ ಎಣ್ಣೆ ಹಚ್ಚುವ ಮನೆಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ. ದಾಸೋಹವೆಂದರೆ ಪಂಕ್ತಿಯಲ್ಲಿ ಕೂಡ್ರಿಸಿ ಬಡಿಸುವುದಷ್ಟೇ ಅಲ್ಲವೆಂಬುದು ಆ ಮನೆಗಳ ಕಟ್ಟೆಯ ಮೇಲೆ ಕುಳಿತವರಿಗೆ ತಿಳಿಯುತ್ತದೆ.

ನಮ್ಮ ಗುಡ್ಡದ ದಾರಿಗೂ ಇದು ಅಸಾಧ್ಯವೇನಲ್ಲ. ಪ್ರತಿ ಊರಿನ ತರುಣ ಸಂಘದವರು ಯುಗಾದಿಗೆ ಮುಂಚೆ ಒಂದು ರವಿವಾರ ಹೋಗಿ ಸಡಿಲ ಕಲ್ಲನ್ನು ಬದಿಗೆ ಸರಿಸಲಿ, ಮುಳ್ಳು ಕಡಿಯಲಿ, ಬಾಟಲಿಗಳನ್ನು ಆಯ್ದು ತರಲಿ. ಅಕ್ಕನ ಬಳಗದ ತಾಯಂದಿರು ಏರಿನ ಬುಡದಲ್ಲಿ ಒಂದು ಹರವಿ ಇಡಿಸಲಿ, ಅದನ್ನು ದಿನಾಲೂ ತುಂಬುವ ಹೊಣೆಯನ್ನು ಸರದಿಯ ಮೇಲೆ ಹಂಚಿಕೊಳ್ಳಲಿ. ಬರಿದಾದ ಹರವಿ ಇಲ್ಲದ ಹರವಿಗಿಂತ ಕೆಟ್ಟದ್ದು, ಏಕೆಂದರೆ ಅದನ್ನು ನಂಬಿ ಜನ ಏರಿರುತ್ತಾರೆ. ಇದಕ್ಕೆ ದೊಡ್ಡ ನಿಧಿ ಬೇಡ, ಸಭೆ-ಸಮಾರಂಭ ಬೇಡ.

ಇದಾವುದೂ ಆಗದಿದ್ದರೆ ಒಬ್ಬೊಬ್ಬರೂ ಮಾಡಬಹುದಾದ ಒಂದು ಕೆಲಸ ಇದ್ದೇ ಇದೆ. ದರ್ಶನ ಮುಗಿಸಿ ಇಳಿದು ಬರುವಾಗ ನಮಗೆ ಮನೆಯ ಆತುರ. ಎದುರಿಗೆ ಏರುತ್ತಿರುವವರು ಕೇಳಲಿ, ಕೇಳದಿರಲಿ, ಒಂದು ಗಳಿಗೆ ನಿಂತು ಹೇಳಿ: ಮೇಲೆ ನೀರು ಇದೆ ಅಥವಾ ಇಲ್ಲ, ಮೂರನೆಯ ತಿರುವಿನಲ್ಲಿ ಕಲ್ಲು ಸಡಿಲಾಗಿದೆ, ಅಜ್ಜನನ್ನು ಈಗ ಕರೆದೊಯ್ಯಬೇಡಿ, ನಾಲ್ಕರ ಮೇಲೆ ಹೊರಡಿ. ಗುಡ್ಡ ಏರುವವರು ಇಳಿದು ಬರುವವರನ್ನು ಕೇಳಿರಿ. ಇಳಿದು ಬರುವವರು ಹೇಳದೆ ಮುಂದೆ ಹೋಗಬೇಡಿರಿ.